ಕರೆಂಟ್ ಕೊಟ್ಟ ಮೇಲೆ ಪಿಎಸ್‌ಎ ಏರಿದರೆ: ಕಾಯೋದಾ, ಚಿಕಿತ್ಸೆ ಶುರು ಮಾಡೋದಾ?

ಎಲ್ಲರಿಗೂ ನಮಸ್ಕಾರ.

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿಕೊಂಡವರ ಮನೆಗೆ ಆರು ತಿಂಗಳಿಗೊಮ್ಮೆ ಪಿಎಸ್‌ಎ ರಿಪೋರ್ಟು ವಾಟ್ಸಾಪ್‌ನಲ್ಲಿ ಬರುತ್ತದೆ. ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್‌ನ ಅಳತೆ. ಹೋದ ಸಲ 0.4 ಇದ್ದದ್ದು ಈ ಸಲ 0.9. ಅಷ್ಟೇ, ಮನೆಮಂದಿಗೆಲ್ಲ ನಿದ್ದೆ ಇಲ್ಲ. "ಡಾಕ್ಟ್ರೇ, ಡಬಲ್‌ಗಿಂತ ಜಾಸ್ತಿ ಆಗಿದೆ, ಇವತ್ತೇ ಹಾರ್ಮೋನ್ ಇಂಜೆಕ್ಷನ್ ಕೊಟ್ಟುಬಿಡಿ" ಅಂತಾರೆ. ಸ್ವಲ್ಪ ತಾಳಿ ಅಂತೀನಿ.

ಆಪರೇಷನ್‌ನಲ್ಲಿ ಗ್ರಂಥಿಯನ್ನೇ ತೆಗೆಯುತ್ತಾರೆ. ಆಮೇಲೆ ಪಿಎಸ್‌ಎ 0.2 ಮುಟ್ಟಿದರೂ ಅನುಮಾನ ಬರುತ್ತದೆ. ರೇಡಿಯೇಷನ್‌ನಲ್ಲಿ ಗ್ರಂಥಿ ಒಳಗೇ ಇರುತ್ತದೆ. ಅಂಕಿ ನಿಧಾನಕ್ಕೆ ಇಳಿಯುತ್ತದೆ, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ನಡುವೆ ಸುಮ್ನೆ ಏರಿ ತಾನಾಗಿಯೇ ಇಳಿಯುವುದೂ ಉಂಟು. ಹಾರ್ಮೋನ್ ಇಂಜೆಕ್ಷನ್ ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರಾನ್ ಅನ್ನು ತಗ್ಗಿಸುತ್ತದೆ; ಇಂಜೆಕ್ಷನ್ ನಿಂತು ಅದು ವಾಪಸ್ ಬರುವಾಗಲೂ ಪಿಎಸ್‌ಎ ಸ್ವಲ್ಪ ಏರುತ್ತದೆ. ಅದಕ್ಕೇ 2005ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ತಜ್ಞರು ಸೇರಿ ಒಂದು ಗೆರೆ ಎಳೆದರು: ಅತಿ ಕೆಳಗೆ ಇಳಿದ ಅಂಕಿಗೆ 2 ಸೇರಿಸಿ. 0.4ಕ್ಕೆ ಇಳಿದಿದ್ದವರಿಗೆ ಅದು 2.4.

ಈ ಗೆರೆ ದಾಟಿದರೆ ಕಾಯಿಲೆ ಮರಳಿದೆ ಎಂದು ಲೆಕ್ಕ. ಇವತ್ತೇ ಔಷಧಿ ಶುರು ಮಾಡಬೇಕು ಎಂದಲ್ಲ. ನಾನು ನೋಡುವುದು ವೇಗ. 2.4 ಇದ್ದದ್ದು ಮೂರು ತಿಂಗಳಲ್ಲಿ 5 ಆದರೆ ಆತುರಪಡಲೇಬೇಕು. ಅದೇ 5 ಆಗಲು ಎರಡು ವರ್ಷ ಹಿಡಿದಿದ್ದು, ರೋಗಿಗೆ 80 ದಾಟಿ ಹೃದಯದ ತೊಂದರೆಯೂ ಇದ್ದರೆ, ಈ ಕ್ಯಾನ್ಸರ್ ಅವರಿಗೆ ಕಾಟ ಕೊಡದೇ ಇರಬಹುದು. ಇಂಜೆಕ್ಷನ್ ಖಂಡಿತ ಕೊಡುತ್ತದೆ: ಮೈ ಬಿಸಿ ಏರಿ ಬೆವರುವುದು, ಮೂಳೆ ಸವೆತ, ಸುಸ್ತು, ಶುಗರ್ ಏರುವುದು, ಆಸೆ ಬತ್ತುವುದು. ಕೊನೆಯದನ್ನು ನಮ್ಮ ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ, ಹೆಂಡತಿ ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳುತ್ತಾರೆ.

ಆದರೆ ಕಾಯುವುದೇ ತಪ್ಪಾಗುವ ಸಂದರ್ಭವೂ ಇದೆ, ಇಲ್ಲಿ ಹುಷಾರು. ಕ್ಯಾನ್ಸರ್ ಗ್ರಂಥಿಯೊಳಗೇ ಮರಳಿ ಹುಟ್ಟಿದ್ದರೆ, ಅದನ್ನು ಪೂರ್ತಿ ಗುಣಪಡಿಸುವ ಅವಕಾಶ ಇನ್ನೂ ಇರುತ್ತದೆ: ಆಪರೇಷನ್, ಹೆಪ್ಪುಗಟ್ಟಿಸಿ ಸಾಯಿಸುವುದು, ಮತ್ತೊಮ್ಮೆ ರೇಡಿಯೇಷನ್. ಪಿಎಸ್‌ಎ ಜಾಸ್ತಿ ಏರಿದಷ್ಟೂ ಆ ಅವಕಾಶ ಕೈತಪ್ಪುತ್ತದೆ. ಹಾಗಾಗಿ 65ರ ಗಟ್ಟಿಮುಟ್ಟಾದ ಮನುಷ್ಯನಿಗೆ 2 ಸೇರಿಸಿದ ಆ ಗೆರೆಗೆ ಕಾಯುತ್ತಾ ಕೂರಬೇಕಿಲ್ಲ. ಅಂಕಿ ಬಿಡದೆ ಏರುತ್ತಿದ್ದರೆ ಕ್ಯಾನ್ಸರ್ ಮೈಯಲ್ಲಿ ಎಲ್ಲಿದೆ ಎಂದು ತೋರಿಸುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್, ಎಂಆರ್‌ಐ, ಆಮೇಲೆ ಬಯಾಪ್ಸಿ, ಅಂದರೆ ಗ್ರಂಥಿಯ ಚೂರು ತೆಗೆದು ಪರೀಕ್ಷೆ. ಬಯಾಪ್ಸಿ ಇಲ್ಲದೆ ಮುಟ್ಟಬಾರದು. ಒಮ್ಮೆ ಕರೆಂಟ್ ತಿಂದ ಜಾಗ ಅದು, ಮೂತ್ರ ಸೋರಿಕೆಯ ಭಯ ಸಣ್ಣದಲ್ಲ.

ವೇಗವಾಗಿ ಏರುವವರಿಗೆ, ಅಂದರೆ ಒಂಬತ್ತು ತಿಂಗಳೊಳಗೆ ದುಪ್ಪಟ್ಟಾಗುವವರಿಗೆ, 2023ರ ಎಂಬಾರ್ಕ್ ಅಧ್ಯಯನ ದಾರಿ ತೋರಿಸಿದೆ. ಇಂಜೆಕ್ಷನ್ ಜೊತೆ, ಟೆಸ್ಟೋಸ್ಟೆರಾನ್‌ನ ಕೆಲಸ ತಡೆಯುವ ಎನ್ಜಾಲುಟಮೈಡ್ ಮಾತ್ರೆ ಕೊಟ್ಟಾಗ ಐದು ವರ್ಷದ ನಂತರ ಕಾಯಿಲೆ ಹರಡದೆ ಬದುಕಿದ್ದವರು ನೂರಕ್ಕೆ ಸುಮಾರು 87. ಇಂಜೆಕ್ಷನ್ ಮಾತ್ರ ಪಡೆದವರಲ್ಲಿ ಸುಮಾರು 71. ಉಳಿದವರಿಗೆ ಇಂಜೆಕ್ಷನ್ ಬೇಕಾದರೂ ಬಿಟ್ಟು ಬಿಟ್ಟು ಕೊಡಬಹುದು. 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹಾಗೆ ಪಡೆದವರು ಸರಾಸರಿ 8.8 ವರ್ಷ, ನಿಲ್ಲಿಸದೆ ಪಡೆದವರು 9.1 ವರ್ಷ ಬದುಕಿದರು. ವ್ಯತ್ಯಾಸ ಅಷ್ಟೇ.

ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಪಿಎಸ್‌ಎ ರಿಪೋರ್ಟುಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಆದಷ್ಟೂ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಕೊನೆಯ ಇಂಜೆಕ್ಷನ್ ಯಾವಾಗ ಅಂತ ಬರೆದಿಡಿ. ಪ್ರಾಸ್ಟೇಟ್ ಊತಕ್ಕೆ ಕೊಡುವ ಡುಟಾಸ್ಟರೈಡ್‌ನಂಥ ಮಾತ್ರೆ ತಗೊಳ್ತಿದ್ದರೆ ಮರೆಯದೆ ಹೇಳಿ, ಅದು ಪಿಎಸ್‌ಎ ಅಂಕಿಯನ್ನೇ ಇಳಿಸುತ್ತದೆ.

ಈಗ ನಿಮ್ಮ ಪ್ರಶ್ನೆಗಳು. ಮೈಕ್ ಹಿಂದಿನ ಸಾಲಿಗೂ ಕೊಡ್ರಪ್ಪ.