ಬೀದರ್‌ದಾಗ ಕಲೆ ನೋಡೋದು: ಎಲ್ಲಿ ನಿಲ್ಲಬೇಕು, ಎಲ್ಲಿ ಬಗ್ಗಬೇಕು

ಗಾಳಿ ಸದ್ದು ಭಾಳ ಬರ್ಲಿಕತ್ತದ, ಮ್ಯಾಲ ಚೌಬಾರಾ ಗೋಪುರದ ಕಡೆಯಿಂದ ಆಟೋದವ್ರ ಹಾರ್ನ್ ಬ್ಯಾರೆ. ಸ್ವಲ್ಪ ಸಹಿಸ್ಕೋರಿ. ಮುಂದ ಕಾಣ್ತದಲ್ಲ, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, 1472ರದ್ದು. ಮುಂಜಾನೆನೇ ಬರ್ರಿ. ಇದರ ಮುಖ ಪೂರ್ವಕ್ಕದ. ಮಧ್ಯಾಹ್ನ ದಾಟಿ ಬಂದ್ರ ಸೂರ್ಯ ಕಟ್ಟಡದ ಹಿಂದ, ಬಣ್ಣೆಲ್ಲ ಮಂಕು.

ಮಂದಿ ಗೇಟ್ ದಾಟಿದ ಕೂಡ್ಲೇ ಗೋಡಿಗಿ ಮೂಗು ಹಚ್ಚಿ ನಿಲ್ತಾರ. ಹಿಂದ ಸರೀರಿ. ಮಿನಾರ್ ಮ್ಯಾಲಿನ ಅಂಕುಡೊಂಕು ಪಟ್ಟಿ ದೂರದ ಕಣ್ಣಿಗೆ ಮಾಡಿದ್ದು. ಹತ್ರ ಹೋಗೋದು ಆಮ್ಯಾಲ, ಆವಾಗ ಜೋಡಣಿ ನೋಡ್ರಿ. ಟೈಲ್ಸ್ ತುಂಡು ಕೂಡಿಸೋ ಕೆಲಸದಾಗ ಒಂದೊಂದು ಬಣ್ಣ ಬ್ಯಾರೆ ಬ್ಯಾರೆ ಸುಡ್ತಾರ, ಆಮ್ಯಾಲ ಕತ್ತರಿಸಿ ಒಂದಕ್ಕೊಂದು ಹೊಂದಿಸ್ತಾರ. ಇಷ್ಟು ಕಷ್ಟ ಯಾಕ? ಎಲ್ಲಾ ಬಣ್ಣದ ಮೆರುಗಿಗೂ ಒಂದೇ ಶಾಖ ಸಾಕಾಗೋದಿಲ್ಲ. ಒಟ್ಟಿಗೆ ಸುಟ್ರ ಒಂದು ಹದಕ್ಕ ಬರೋ ಹೊತ್ತಿಗೆ ಇನ್ನೊಂದು ಹರಿದು ಪಕ್ಕದ ಬಣ್ಣದಾಗ ಸೇರ್ತದ. ಉದುರಿದ ಕಡೆ ಗಾರೆ ಕಾಣ್ತದಲ್ಲ, ಅಲ್ಲೇ ತುಂಡಿನ ಅಂಚು ಛಲೋ ಗೊತ್ತಾಗ್ತದ. ಮುಂದಿನ ಅರ್ಧ ಭಾಗ ಮತ್ತ ಇನ್ನೊಂದು ಮಿನಾರ್ ಇಲ್ಲ. ಔರಂಗಜೇಬನ ಸೈನ್ಯದವ್ರು ಇಲ್ಲಿ ಮದ್ದು ತುಂಬಿಟ್ಟಿದ್ರು, ಅದು ಸಿಡೀತು. ವಿದ್ಯಾ ಕಲಿಸೋ ಜಾಗದಾಗ ಮದ್ದು! ಇರಲಿ, ಬೀದರ್‌ದಾಗ ಇದಕ್ಕಿಂತ ಛಲೋ ಕೆಲಸ ಇಲ್ಲ ಅಂತ ನನ್ನ ಮಾತು. ಶಾಟ್ ಮುಗೀತು, ಅಷ್ಟೂರಿಗೆ ಹೋಗೋಣ.

ಇದು ಬಹಮನಿ ಸುಲ್ತಾನ ಅಹಮದ್ ಶಾ ವಲಿ ಗೋರಿ ಗುಮ್ಮಟ. ಸುಲ್ತಾನ ತೀರಿದ್ದು 1436ರಾಗ. ಇಲ್ಲಿ ಉರುಸಿಗೆ ಜಂಗಮರೂ ಬರ್ತಾರ, ಅದು ಬ್ಯಾರೆನೇ ಒಂದು ವಿಡಿಯೋ ಆಗ್ತದ. ಒಳಗ ಕತ್ತಲದ. ಫ್ಲಾಶ್ ಹಾಕಬ್ಯಾಡ್ರಿ, ಮೊಬೈಲ್ ಕಿಸೆದಾಗ ಇಡ್ರಿ, ಐದು ನಿಮಿಷ ಸುಮ್ನ ನಿಲ್ರಿ. ಬಿಸಲಿನಿಂದ ಬಂದ ಕಣ್ಣಿಗೆ ಮೊದಲ ಬರೀ ಕಪ್ಪು. ಆಮ್ಯಾಲ ಕೆಂಪು, ಬಂಗಾರ, ನೀಲಿ ಒಂದೊಂದೇ ಮ್ಯಾಲ ಬರ್ತಾವ. ಗೋಡಿ ಮ್ಯಾಲಿನ ಬರಹ ಓದ್ಲಿಕ್ಕ ಬರೋದಿಲ್ಲ ಅಂತ ಬಿಟ್ಟು ಹೋಗಬ್ಯಾಡ್ರಿ. ಗೆರಿ ಎಲ್ಲಿ ದಪ್ಪ ಆಗ್ತದ, ಎಲ್ಲಿ ಸಣ್ಣ ಆಗ್ತದ, ಎರಡು ಅಕ್ಷರದ ನಡುವ ಎಷ್ಟು ಜಾಗ ಬಿಟ್ಟಾರ, ಅಷ್ಟು ನೋಡಿದ್ರೂ ಬರೆದವನ ಕೈ ಎಂಥಾದು ಅಂತ ತಿಳೀತದ.

ಈಗ ಬೀದರ್ ಕೋಟೆಯೊಳಗ, ರಂಗೀನ್ ಮಹಲ್. ಬಾಗಲಿಗಿ ಬೀಗ ಇರಬಹುದು, ಮೊದಲೇ ವಿಚಾರಿಸಿ ತೆಗೆಸ್ಕೋರಿ. ಬೀದರ್ ಆಳಿದ ಅಲಿ ಬರೀದ್ ಶಾ ಕಾಲದ ಕೆಲಸ, ಕಪ್ಪು ಕಲ್ಲಿನಾಗ ಮುತ್ತಿನ ಚಿಪ್ಪು ಕೂಡಿಸ್ಯಾರ. ನೆಟ್ಟಗ ನಿಂತು ನೋಡಿದ್ರ ಬಿಳಿ ಚೂರು, ಅಷ್ಟೇ. ತಲಿ ಬಲಕ್ಕ ಎಡಕ್ಕ ಸರಿಸ್ರಿ, ಹಸಿರು, ಗುಲಾಬಿ ಹೊಳೀತಾವ. ಚಿಪ್ಪಿನ ತೆಳು ಪದರುಗಳ ಆಟ ಅದು, ಬಣ್ಣ ಬಳಿದದ್ದಲ್ಲ. ಕಲಬುರಗಿ ಎಸ್. ಎಂ. ಪಂಡಿತರ ಚಿತ್ರ ನೋಡಿದವ್ರಿಗೆ ಗೊತ್ತಿರ್ತದ, ದೇವರ ಭುಜದ ಮ್ಯಾಲ ಬೀಳೋ ಬೆಳಕನ್ನ ಅವರೇ ಬಳಿದಿರ್ತಾರ. ಆ ಚಿತ್ರದ ಮುಂದ ನೀವು ಅಲುಗಾಡದೆ ನಿಲ್ಲಬಹುದು. ಇಲ್ಲಿ ಅಲುಗಾಡಲೇಬೇಕು. ಮದರಸಾ ಬಗ್ಗೆ ಅಂದದ್ದು ವಾಪಸ್ ತಗೋತೀನಿ, ಇದೇ ಮ್ಯಾಲ.

ಬಿದ್ರಿ ಅಂಗಡಿ, ಕಪ್ಪು ಲೋಹದಾಗ ಬೆಳ್ಳಿ ಕೂಡಿಸೋ ಕೆಲಸದ್ದು. ಇಲ್ಲಿ ನನಗ ಸಿಟ್ಟು ಬರೋ ವಿಷಯ ಒಂದದ, ರೇಟು. ಕಮ್ಮಿ ಮಾಡ್ರಿ ಅಂತ ಚೌಕಾಸಿ ಮಾಡೋರು ಎರಡು ಡಬ್ಬಿ ಪಕ್ಕಪಕ್ಕ ಇಟ್ಟು, ಅಳತಿ ಒಂದೇ, ಇದಕ್ಯಾಕ ಎರಡುಪಟ್ಟು ಅಂತಾರ. ಅಳತಿಯಿಂದ ರೇಟು ಆಗೋದಿಲ್ರಿ. ಬೆಳ್ಳಿ ಎಷ್ಟು ಗ್ರಾಂ ಕೂತದ ಕೇಳ್ರಿ, ಕೆಲಸ ಯಾವ ಬಗಿದು ಕೇಳ್ರಿ. ಸತು ಹದಿನಾರು ಪಾಲಿಗೆ ತಾಮ್ರ ಒಂದು ಪಾಲು ಅಂತ ಹಳೇ ಲೆಕ್ಕ. ಮಣ್ಣಿನ ಅಚ್ಚಿನಾಗ ಎರಕ, ಅರ ಹಾಕಿ ನಯ, ಆಮ್ಯಾಲ ಮೈಲುತುತ್ತದ ನೀರು ಸವರ್ತಾರ. ಇದು ಬರೇ ತಾತ್ಕಾಲಿಕ ಕಪ್ಪು, ಉಳಿ ಗೆರಿ ಎದ್ದು ಕಾಣ್ಲಿ ಅಂತ. ಎರಕದಾಗ ಗಾಳಿ ಸೇರಿ ಸಣ್ಣ ತೂತು ಉಳಿದ್ರ ಉಳಿ ಅಲ್ಲೇ ಜಾರ್ತದ. ಉಳೀಲೆ ಕೊರೆದ ಕಾಲುವಿ ಆಳ ಕಮ್ಮಿ ಆದ್ರ ಅದರಾಗ ಬಡಿದ ಬೆಳ್ಳಿ ತಂತಿ ಮುಂದೊಂದು ದಿನ ಏಳ್ತದ. ಕೊನೀಗೆ ಕೋಟೆ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿದ ಪಾತ್ರಿಗೆ ತಿಕ್ಕಿದ್ರ ಸತುವಿನ ಮೈ ಕಪ್ಪಾಗ್ತದ, ಬೆಳ್ಳಿ ಹಂಗೇ ಇರ್ತದ.

ತಂತಿ ಬಡಿದದ್ದು ತಾರಕಶಿ. ತಗಡು ಕತ್ತರಿಸಿ ಕೂಡಿಸಿದ್ದು ತೆಹನಿಶಾನ್. ಆಫ್ತಾಬಿದಾಗ ಬೆಳ್ಳಿ ತಗಡೇ ಮೈತುಂಬ, ಹೂವು ಕಪ್ಪಿನಾಗ ಕಾಣ್ತದ, ಅಂದ್ರ ಬೆಳ್ಳಿ ಜಾಸ್ತಿ, ರೇಟೂ ಜಾಸ್ತಿ. ಈಗ ಉಗುರು ಮೆಲ್ಲಗ ಎಳೀರಿ. ಸಪಾಟು ಕೆಲಸದಾಗ ಬೆಳ್ಳಿ ಅಂಚಿಗೆ ಉಗುರು ಸಿಗಬಾರ್ದು. ಎದ್ದಂಗ ಮಾಡೋ ಜರ್‌ಬುಲಂದ್‌ಗೆ ಮಾತ್ರ ಈ ಪರೀಕ್ಷಿ ನಡೆಯೋದಿಲ್ಲ.

ಮೊಬೈಲ್‌ದಾಗ ಬೆಳ್ಳಿ ಬರೀ ಬಿಳಿ ಆಗಿ ಬರ್ತದ, ನೋಡ್ರಿ ಈ ಶಾಟ್. ಕಪ್ಪು ಜಾಸ್ತಿ ಇದ್ದುದಕ್ಕ ಕ್ಯಾಮೆರಾ ತಾನೇ ಬೆಳಕು ಏರಿಸ್ತದ. ಸ್ಕ್ರೀನ್‌ದಾಗ ಬೆಳ್ಳಿ ಕಾಣೋ ಕಡೆ ಬೆರಳು ಒತ್ತಿ, ಬೆಳಕು ಕೆಳಗ ಎಳೀರಿ. ಹಾಂ, ಈಗ ಬಂತು.

ಅಂಗಡಿಯವ್ರು ಶಟರ್ ಎಳೀಲಿಕತ್ತಾರ, ಜಲ್ದಿ ಹೇಳ್ತೀನಿ. ಮನೀಗೆ ಒಯ್ದ ಮ್ಯಾಲ ಹಿತ್ತಾಳಿ ಪಾತ್ರಿ ಬೆಳಗಿದಂಗ ಹುಣಸೆಹಣ್ಣು, ನಿಂಬೆ ಹಚ್ಚಬ್ಯಾಡ್ರಿ, ಹುಳಿಗೆ ಕಪ್ಪು ಬಿಡ್ತದ. ಹತ್ತಿ ಬಟ್ಟೀಲೆ ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣಿ ಸವರ್ರಿ, ಮತ್ತ ಒಣ ಬಟ್ಟೀಲೆ ತಿಕ್ರಿ. ಅದರಾಗ ನೀರು ಹಾಕಿ ಹೂವು ಇಡಬ್ಯಾಡ್ರಿ.