ಹಗಲಿನಲ್ಲಿ ಮುಚ್ಚಿದ ಕಣ್ಣು

ಎಲ್ಲರಿಗೂ ಯುಗಾದಿಯ ಶುಭಾಶಯಗಳು. ಒಬ್ಬಟ್ಟಿನ ಪರಿಮಳ ಆಗಲೇ ಸಭಾಂಗಣಕ್ಕೆ ಬಂದಿದೆ; ಆದರೂ ಇಪ್ಪತ್ತು ನಿಮಿಷವನ್ನು ಗೋಸುಂಬೆಗೆ ಬಿಟ್ಟುಕೊಟ್ಟಿದ್ದೀರಿ. ಕಳೆದ ಚಳಿಗಾಲದಲ್ಲಿ ಇಲ್ಲಿ ನ್ಯೂಜೆರ್ಸಿಯ ನಮ್ಮ ಮೂರು ಮನೆಗಳಲ್ಲಿ ಮಕ್ಕಳು ಸಾಕಿದ್ದ ಗೋಸುಂಬೆಗಳು ಸತ್ತವು. ಮೂರೂ ಮನೆಯವರು ಹೇಳಿದ್ದು ಒಂದೇ ಮಾತು: "ನಿನ್ನೆಯವರೆಗೂ ಚೆನ್ನಾಗಿಯೇ ಇತ್ತು." ಚೆನ್ನಾಗಿರಲಿಲ್ಲ. ನಮಗೆ ಕಾಣಲಿಲ್ಲ, ಅಷ್ಟೇ.

ಊರಿನ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತ ಬೇರೆ, ಗೋಸುಂಬೆ ಬೇರೆ. ಊರಿನ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ರಜೆಗೆ ಹೋದಾಗ ಅದನ್ನು ಹಿಡಿಯುವ ಆಸೆ ಯಾವ ಮಗುವಿಗೂ ಬೇಡ. ಇಲ್ಲಿ ನಾವು ಹೆಚ್ಚಾಗಿ ಸಾಕುವುದು ಯೆಮೆನ್ ಮತ್ತು ಸೌದಿ ಮೂಲದ, ನೆತ್ತಿಯ ಮೇಲೆ ಎತ್ತರದ ಶಿಖೆಯಿರುವ ವೇಲ್ಡ್ ಗೋಸುಂಬೆ. ಹದ್ದು, ಹಾವುಗಳ ಕಣ್ಣೆದುರು ಬದುಕುವ ಪ್ರಾಣಿ ಅದು. ನರಳುವುದು ಕಂಡರೆ ಮುಗಿಯಿತು. ಹಾಗಾಗಿ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ.

ನಮ್ಮ ಮನೆಯ ರಂಗನ ಕಥೆ ಹೇಳುತ್ತೇನೆ. ಆ ವರ್ಷ ಅಮ್ಮ ಹಾಸನದಿಂದ ಆರು ತಿಂಗಳಿಗೆ ಬಂದಿದ್ದರು. ನಾವು ಕೆಲಸಕ್ಕೆ, ಮಗ ಶಾಲೆಗೆ. ಮನೆಯಲ್ಲಿ ಅಮ್ಮ ಮತ್ತು ರಂಗ. ಅವರು ಗೂಡಿನ ಪಕ್ಕದಲ್ಲೇ ಕುಳಿತು ಅವರೆಕಾಳು ಬಿಡಿಸುತ್ತಿದ್ದರು. ರಂಗನ ಒಂದು ಕಣ್ಣು ಅಮ್ಮನ ಬಳೆಯ ಮೇಲೆ, ಇನ್ನೊಂದು ಕಣ್ಣು ಜೀರುಂಡೆಗಳ ಡಬ್ಬಿಯ ಮೇಲೆ. "ಏಕಕಾಲಕ್ಕೆ ಇಬ್ಬರನ್ನು ಗದರಿಸುವ ನಮ್ಮ ಮೇಷ್ಟರ ಹಾಗೆಯೇ ಇದ್ದಾನೆ" ಎಂದು ನಗುತ್ತಿದ್ದರು. ಒಂದು ಮಂಗಳವಾರ ಮಧ್ಯಾಹ್ನ ಕಚೇರಿಗೆ ಫೋನು ಮಾಡಿದರು. "ರಂಗ ಬೆಳಗಿನಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದಾನೆ ಕಣಪ್ಪ."

"ಬಣ್ಣ ಹೇಗಿದೆ?" ಎಂದು ಕೇಳಿದೆ. ಎಳೆ ಬಾಳೆಲೆಯ ಹಾಗೆ ಹಸಿರಾಗಿದೆ ಎಂದರು. "ಹಾಗಾದರೆ ಚೆನ್ನಾಗಿದ್ದಾನೆ, ನಿದ್ದೆ ಮಾಡುತ್ತಿರಬೇಕು, ಬಿಡಿ" ಎಂದೆ. ಆಗ ಅಮ್ಮ ಹೇಳಿದ ಮಾತು ನನ್ನೊಳಗೆ ಇನ್ನೂ ಇದೆ: "ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದನ್ನು ಬಿಟ್ಟರೆ, ಮೈ ಮಿರಮಿರ ಮಿಂಚುತ್ತಿದೆ ಎಂದು ಯಾರಾದರೂ ಸುಮ್ಮನಿರುತ್ತಾರೆಯೇ?"

ಸಂಜೆ ಬಂದು ನೋಡಿದೆ. ಬೆರಳಿಗೆ ಹತ್ತಿಸಿಕೊಂಡರೆ ಹಿಡಿತವೇ ಇಲ್ಲ. ಮುಂಗಾಲು ಮೊಣಕೈಯ ಬಳಿ ಬಿಲ್ಲಿನಂತೆ ಬಾಗಿತ್ತು. ಜೀರುಂಡೆ ಕಂಡರೂ ನಾಲಗೆ ಅರ್ಧಕ್ಕೇ ಬಂದು ನಿಂತಿತು. ಮರುದಿನ ಎಕ್ಸ್‌ರೇ ತೆಗೆಸಿದಾಗ ಮೂಳೆಗಳು ಹೊಗೆಯ ಗೆರೆಗಳಂತೆ ಕಂಡವು. ಸುಣ್ಣದಂಶ ಮೂಳೆಗೆ ಸೇರುತ್ತಿರಲಿಲ್ಲ. ಕಾರಣ ದೀಪ. ಸುಣ್ಣದಂಶ ಮೈಗೆ ಹತ್ತಲು ಬೇಕಾದ ನೇರಳಾತೀತ ಕಿರಣ ಕೊಡುವ ಯುವಿಬಿ ದೀಪ ಬೆಳಗುತ್ತಲೇ ಇತ್ತು, ಆದರೆ ಒಂದೂವರೆ ವರ್ಷ ಹಳೆಯದು. ಬೆಳಕು ಉಳಿದರೂ ಅದರಲ್ಲಿನ ನೇರಳಾತೀತ ಕಿರಣ ಕ್ಷೀಣಿಸುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕು. ಕಿಟಕಿಯ ಬಿಸಿಲು ಸಾಕು ಎನ್ನುವವರಿದ್ದಾರೆ. ಸಾಲದು, ಆ ಕಿರಣವನ್ನು ಗಾಜು ತಡೆಯುತ್ತದೆ.

ವೈದ್ಯರು ಕೊಟ್ಟ ದ್ರವರೂಪದ ಕ್ಯಾಲ್ಸಿಯಂ ಮತ್ತು ಹೊಸ ದೀಪದಿಂದ ರಂಗ ಚೇತರಿಸಿಕೊಂಡ. ಬಾಗಿದ ಕಾಲು ಮಾತ್ರ ಹಾಗೆಯೇ ಉಳಿಯಿತು. ಆ ಕಾಲಿನಲ್ಲೇ ಮೂರು ವರ್ಷ ಕೊಂಬೆ ಹತ್ತಿದ.

ಅದಕ್ಕೇ ಹೇಳುತ್ತೇನೆ, ಬಣ್ಣ ಬಿಡಿ, ಕಣ್ಣು ನೋಡಿ. ಬಣ್ಣ ಚಳಿಗೂ ಬದಲಾಗುತ್ತದೆ, ಸಿಟ್ಟಿಗೂ ಬದಲಾಗುತ್ತದೆ. ರಾತ್ರಿ ಕಣ್ಣು ಮುಚ್ಚಿ ಮಲಗುವುದು ಸಹಜ. ಹಗಲಿನಲ್ಲಿ ಮುಚ್ಚಿದರೆ ಅಂದೇ ವೈದ್ಯರ ಬಳಿಗೆ. ಕಣ್ಣು ಗುಳಿಬಿದ್ದಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಹಿಕ್ಕೆಯ ಜೊತೆ ಬೀಳುವ ಬಿಳಿಯ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೂ ಅದೇ ಸೂಚನೆ. ಬಟ್ಟಲಿನ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ, ಆದ್ದರಿಂದ ನೀರು ಚಿಮುಕಿಸಬೇಕು. ತಲೆ ಮೇಲೆತ್ತಿ, ಬಾಯಿ ತೆರೆದು, ಶಬ್ದ ಮಾಡುತ್ತಾ ಉಸಿರಾಡಿದರೆ ಶ್ವಾಸಕೋಶದ ಸೋಂಕಿರಬಹುದು. ದಯವಿಟ್ಟು ಬಾಯಿಗೆ ನೀರು ಸುರಿಯಬೇಡಿ, ಬಲವಂತವಾಗಿ ತಿನ್ನಿಸಬೇಡಿ, ನಿಮ್ಮ ಮಾತ್ರೆ ಅರೆದು ಕೊಡಬೇಡಿ.

ಅಧ್ಯಕ್ಷರಿಂದ ಚೀಟಿ ಬಂದಿದೆ, ಎರಡೇ ನಿಮಿಷ. ಹೆಣ್ಣಿದ್ದರೆ ಗಂಡಿನ ಜೊತೆಯಿಲ್ಲದೆಯೂ ಮೊಟ್ಟೆಯಿಡುತ್ತದೆ. ತೋಡಲು ತೇವದ ಮರಳು ಬೇಕು, ಇಲ್ಲದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಬರುತ್ತದೆ. ನಾಯಿ ಬೆಕ್ಕು ನೋಡುವ ವೈದ್ಯರೆಲ್ಲ ಗೋಸುಂಬೆಯನ್ನು ನೋಡುವುದಿಲ್ಲ. ಸರೀಸೃಪ ವೈದ್ಯರ ಸಂಘವಾದ ಎಆರ್‌ಎವಿಯ ಜಾಲತಾಣದಲ್ಲಿ ಹತ್ತಿರದವರನ್ನು ಹುಡುಕಿ, ಕಾಯಿಲೆ ಬರುವ ಮೊದಲೇ ಸಂಖ್ಯೆ ಬರೆದಿಟ್ಟುಕೊಳ್ಳಿ. ಕರೆದೊಯ್ಯುವಾಗ ಕಾರನ್ನು ಮೊದಲು ಬೆಚ್ಚಗೆ ಮಾಡಿ, ಗೂಡಿನ ಚಿತ್ರ ಮತ್ತು ಹಿಕ್ಕೆಯ ಮಾದರಿ ಜೊತೆಗಿರಲಿ.

ಹೊರಗಿನ ಮೇಜಿನ ಮೇಲೆ ಅಡುಗೆಮನೆಯ ತಕ್ಕಡಿಯೊಂದನ್ನು ಇಟ್ಟಿದ್ದೇನೆ, ವಾರಕ್ಕೊಮ್ಮೆ ತೂಗಿ ಬರೆಯುವುದು ಹೇಗೆಂದು ಮಕ್ಕಳಿಗೆ ತೋರಿಸುತ್ತೇನೆ. ಗೋಸುಂಬೆಯಿರುವ ಮನೆಯವರು ಒಬ್ಬಟ್ಟಿಗೆ ಕೂರುವ ಮೊದಲು ಅಲ್ಲಿಗೆ ಬನ್ನಿ, ನಿಮ್ಮ ದೀಪ ಕೊಂಡದ್ದು ಯಾವ ತಿಂಗಳಿನಲ್ಲಿ ಎಂದು ನನಗೆ ಹೇಳಿ ಹೋಗಿ.