ಮೊದಲು ಮನೆ ನೋಡಿ, ಆಮೇಲೆ ಮಾತಾಡಿ

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತ ಇದ್ದೆ. ಆದರೆ ಹೋದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ರಾತ್ರಿಯಿಡೀ ತಲೆ ಕೊರೆಯಿತು. "ಈಗಿನ ಹುಡುಗರು ಸೋಮಾರಿಗಳು. ಕಬ್ಬನ್ ಪಾರ್ಕಲ್ಲಿ ಓಡೋಕೆ ದುಡ್ಡು ಕೊಡಬೇಕಾ? ಆರೋಗ್ಯ ಅವರವರ ಕೈಯಲ್ಲೇ ಇದೆ."

ಅವರವರ ಕೈಯಲ್ಲಿ ಇಲ್ಲ ಸ್ವಾಮಿ. ಮೊದಲು ಮನೆ ನೋಡಿ, ಆಮೇಲೆ ಮಾತಾಡಿ.

ಬೆಂಗಳೂರಿನ ಲಗ್ಗೆರೆಯಲ್ಲಿ ನನಗೆ ಗೊತ್ತಿರುವ ಒಂದು ಮನೆ. ಒಂದೇ ರೂಮು, ಮೇಲೆ ಶೀಟು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಗಳು ಪಿಯುಸಿ. ನೀರು ಬರುವ ದಿನ 5 ಗಂಟೆಗೇ ಎದ್ದು ಕೊಡ ಹಿಡಿದು ನಿಲ್ಲುತ್ತಾಳೆ. ತಮ್ಮನ ಡಬ್ಬಿಗೆ ಚಿತ್ರಾನ್ನ ಹಾಕಿ, ತಾನು ಟೀಗೆ ಎರಡು ಬಿಸ್ಕತ್ತು ಅದ್ದಿಕೊಂಡು ತಿಂದು ಬಸ್ಸಿಗೆ ಓಡುತ್ತಾಳೆ. ಮೊನ್ನೆ ಕಾಲೇಜಲ್ಲಿ ತಲೆ ಸುತ್ತಿ ಬಿದ್ದಳು. ಹಿಮೋಗ್ಲೋಬಿನ್ 8. ಕಡಿಮೆ ಅಂದರೂ 12 ಇರಬೇಕು. ಡಾಕ್ಟರು ಸೊಪ್ಪು, ಮೊಟ್ಟೆ, ಖರ್ಜೂರ, ದಾಳಿಂಬೆ ತಿನ್ನಿಸಿ ಅಂದರು. ಹೊರಗೆ ಬಂದ ಮೇಲೆ ಆ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: "ದಾಳಿಂಬೆ ಈಗ ಕೆಜಿ ಎಷ್ಟಿದೆಯಣ್ಣ?"

ಈ ಹುಡುಗಿ ಕಬ್ಬನ್ ಪಾರ್ಕಲ್ಲಿ ಓಡಬೇಕಾ?

ಇದು ಒಂದು ಮನೆ ಕಥೆ ಅಂತ ತಳ್ಳಿ ಹಾಕಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ 100ಕ್ಕೆ 59 ಜನರಿಗೆ ರಕ್ತಹೀನತೆ. 59 ಜನರೂ ಸೋಮಾರಿಗಳಾ? ಅದೇ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ತೀರಾ ಬಡ ಮನೆಗಳಲ್ಲಿ 100ಕ್ಕೆ 46, ತೀರಾ ಶ್ರೀಮಂತ ಮನೆಗಳಲ್ಲಿ 23. ಆ ಕೂಸು ಯಾವ ಜಿಮ್ ತಪ್ಪಿಸಿತ್ತು? ಮನೆ ನೋಡಿ ಅಂತ ಅದಕ್ಕೇ ಹೇಳೋದು.

"ಐರನ್ ಮಾತ್ರೆ ಫ್ರೀ ಸಿಗುತ್ತಲ್ವಾ" ಅಂತೀರಿ. ಸಿಗುತ್ತೆ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತೆ. ಜೊತೆಗೆ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತೋದೇ ಇಲ್ಲ. ಅವಳ ತಿಂಡಿಯೇ ಟೀ! ಶಾಲೆಯಲ್ಲಿ ಇದ್ದಾಗ ಬಿಸಿಯೂಟ ಇತ್ತು, ಹಾಲು ಇತ್ತು, ಮೊಟ್ಟೆ ಇತ್ತು. 10ನೇ ಕ್ಲಾಸ್ ಮುಗಿಯಿತು, ಎಲ್ಲವೂ ಮುಗಿಯಿತು. 16ಕ್ಕೆ ಹಸಿವು ನಿಂತುಹೋಗುತ್ತಾ? ಪಿಯು ಕಾಲೇಜಿಗೂ ಊಟ ಕೊಡಿ ಅಂತ ನಾನು ಇದೇ ಚಾನೆಲ್‌ನಲ್ಲಿ ಕೂಗುತ್ತಲೇ ಇದ್ದೇನೆ. ಹೊಸಬರು ಸಬ್‌ಸ್ಕ್ರೈಬ್ ಮಾಡಿಕೊಳ್ಳಿ, ಈ ಕೂಗು ಇನ್ನೂ ಜಾಸ್ತಿ ಜನಕ್ಕೆ ಮುಟ್ಟಲಿ.

"ದುಡ್ಡಿರೋರ ಮಕ್ಕಳಿಗೂ ಕಾಯಿಲೆ ಬರುತ್ತೆ" ಅಂತ ಇನ್ನೊಬ್ಬರು. ಬರುತ್ತೆ ರೀ. ಅವತ್ತೇ ಡಾಕ್ಟರ ಹತ್ತಿರ ಹೋಗುತ್ತಾರೆ. ಇಲ್ಲಿ ಅಮ್ಮ ಒಂದು ದಿನ ರಜೆ ಹಾಕಿದರೆ ಸಂಬಳ ಕಟ್. ಸುಮ್ನೆ ವಾದ ಬೇಡ. ಮನೆ ನೋಡಿ. ಮನೆ ನೋಡಿ ಸಾರ್, ಮನೆ!

ಕಾಮೆಂಟ್ ಹಾಕಿದವರೇ, ನಿಮಗೆ 16 ಇದ್ದಾಗ ಬೆಳಿಗ್ಗೆ ತಟ್ಟೆಯಲ್ಲಿ ಏನಿರುತ್ತಿತ್ತು? ಅದನ್ನು ಯಾರು ಮಾಡಿ ಬಡಿಸುತ್ತಿದ್ದರು? ಕೆಳಗೆ ಬರೆಯಿರಿ, ಮುಂದಿನ ವಿಡಿಯೋದಲ್ಲಿ ಎಲ್ಲರ ಮುಂದೆ ಓದುತ್ತೇನೆ.